ತೀರ್ಥ, ಮಾತ್ರೆ, ಕಾಯ್ದೆ

ಸಾಗರದ ಹತ್ತಿರ ವರದಹಳ್ಳಿಯಲ್ಲಿ ಶ್ರೀಧರ ತೀರ್ಥ ಇದೆ. ಗುಡ್ಡದಿಂದ ಇಳಿದು ಬರುವ ನೀರು. 1973ರಲ್ಲಿ ಅಲ್ಲೇ ದೇಹ ಬಿಟ್ಟ ಶ್ರೀಧರ ಸ್ವಾಮಿಗಳ ಹೆಸರು ಅದಕ್ಕೆ. ಅದರಲ್ಲಿ ಮಿಂದರೆ ಚರ್ಮರೋಗ ವಾಸಿಯಾಗುತ್ತೆ ಅಂತ ಜನ ದೂರದಿಂದ ಬರ್ತಾರೆ. ನಂಬಿಕೆಯ ಜೊತೆ ನನಗೆ ಜಗಳ ಇಲ್ಲ. ಆದರೆ ಮೈಮೇಲೊಂದು ಕಲೆ ಕಂಡರೆ ಡಾಕ್ಟರಿಗಿಂತ ಮೊದಲು ದೇವರ ನೆನಪಾಗೋದು ಯಾಕೆ ಅನ್ನೋದು ನನ್ನ ಕುತೂಹಲ. ಆ ಭಯಕ್ಕೆ ಕುಷ್ಠ ಅಂತ ಹೆಸರು. ಹೆಸರೆತ್ತೋಕೂ ಹೆದರಿ ‘ದೊಡ್ಡ ರೋಗ’ ಅನ್ನೋರಿದ್ದಾರೆ. ಪುರಾಣದಲ್ಲಿ ಕೃಷ್ಣನ ಮಗ ಸಾಂಬನಿಗೂ ಅದು ಬಂದದ್ದು ಶಾಪದಿಂದಲೇ.

1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಈ ರೋಗದ ಬ್ಯಾಕ್ಟೀರಿಯಾ ಕಂಡುಹಿಡಿದ. ಶಾಪ ಅಲ್ಲ ಅಂತಾಯ್ತು, ಸರಿ. ರೋಗಿಗೆ ಅದರಿಂದ ಸುಖವೇನೂ ಸಿಗಲಿಲ್ಲ. ಅಂಟುರೋಗ ಅಂದಮೇಲೆ ಕೂಡಿಹಾಕಿ ಅಂದರು. 1897ರ ಬರ್ಲಿನ್ ಸಮ್ಮೇಳನ ಹೇಳಿದ್ದೂ ಅದನ್ನೇ. ಮರುವರ್ಷವೇ ಬ್ರಿಟಿಷ್ ಇಂಡಿಯಾದಲ್ಲಿ ಕಾಯ್ದೆ ಬಂತು: ಭಿಕ್ಷೆ ಬೇಡುವ ಅಥವಾ ಹೊಟ್ಟೆಪಾಡಿಗೆ ದಾರಿಯಿಲ್ಲದ ಕುಷ್ಠರೋಗಿಯನ್ನು ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು. ದುಡ್ಡಿದ್ದವನ ಮನೆಗೆ ಯಾರೂ ಬರುತ್ತಿರಲಿಲ್ಲ. ಬ್ಯಾಕ್ಟೀರಿಯಾಕ್ಕೆ ಬಡವ ಬಲ್ಲಿದ ಗೊತ್ತಿಲ್ಲ, ಕಾಯ್ದೆಗೆ ಚೆನ್ನಾಗಿಯೇ ಗೊತ್ತಿತ್ತು.

ಬೆರಳು ತಾನಾಗಿ ಉದುರುತ್ತೆ ಅಂತ ಈಗಲೂ ಎಷ್ಟೋ ಜನ ನಂಬಿದ್ದಾರೆ. ಹಾಗಲ್ಲ. ಈ ರೋಗ ನರಗಳನ್ನು ಹಾಳು ಮಾಡುತ್ತೆ, ಚರ್ಮಕ್ಕೆ ಸ್ಪರ್ಶ ಗೊತ್ತಾಗಲ್ಲ. ಒಲೆ ಮೇಲಿನ ಪಾತ್ರೆ ಸುಟ್ಟರೂ ಗೊತ್ತಾಗಲ್ಲ, ಕಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ. ನೋವಿಲ್ಲದ ಗಾಯವನ್ನು ಯಾರು ನೋಡಿಕೊಳ್ತಾರೆ? ಅದು ಕೀವಾಗುತ್ತೆ, ಕೊಳೆಯುತ್ತೆ. ಕೈ ಬೆರಳು ಹೋಗೋದು ಹೀಗೆ, ವರ್ಷಗಟ್ಟಲೆ. ಬಣ್ಣ ಮಾಸಿದ, ಮುಟ್ಟಿದರೆ ಗೊತ್ತಾಗದ ಮಚ್ಚೆ ಇದ್ದಾಗಲೇ ಆಸ್ಪತ್ರೆಗೆ ಹೋದರೆ ಇದ್ಯಾವುದೂ ಆಗಬೇಕಿಲ್ಲ. ಆದರೆ ಊರಿಗೆ ಗೊತ್ತಾದರೆ ಅನ್ನೋ ಹೆದರಿಕೆಗೆ ಮುಚ್ಚಿಡ್ತಾರೆ. ಕಳಂಕವೇ ಅಂಗವಿಕಲರನ್ನಾಗಿ ಮಾಡುತ್ತೆ ಅಂದರೆ ಉತ್ಪ್ರೇಕ್ಷೆ ಅಲ್ಲ.

ಬಹುವಿಧ ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ. ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ ಮಾತ್ರೆ, ಅದೂ ಪುಕ್ಕಟೆ. ಮಾತ್ರೆ ಶುರುವಾದರೆ ಬೇರೆಯವರಿಗೆ ಹರಡೋದೂ ನಿಲ್ಲುತ್ತೆ. ಇಷ್ಟಾದರೂ 1898ರ ಆ ಕಾಯ್ದೆ ರದ್ದಾಗಿದ್ದು 2016ರಲ್ಲಿ. ಗಂಡನಿಗೋ ಹೆಂಡತಿಗೋ ಕುಷ್ಠ ಇದೆ ಅಂತ ವಿಚ್ಛೇದನ ಕೇಳುವ ಅವಕಾಶವನ್ನು ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ. ಆ ಹೊತ್ತಿಗೆ ನಮ್ಮ ಕೈಯಲ್ಲಿ ಸ್ಮಾರ್ಟ್‌ಫೋನ್ ಬಂದು ಎಷ್ಟೋ ವರ್ಷ ಆಗಿತ್ತು!

ಇದೆಲ್ಲ ಮಲೆನಾಡಿನ ಹಳ್ಳಿಗಳ ಕತೆ, ನಮಗೆ ಸಂಬಂಧ ಇಲ್ಲ ಅಂದ್ಕೊಂಡ್ರಾ? ಬೆಂಗಳೂರಿನ ಮಾಗಡಿ ರಸ್ತೆ ಹೊರವರ್ತುಲ ರಸ್ತೆಯನ್ನು ಸೇರುವ ಕಡೆ ದಿನಾ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ತೀರಲ್ಲ, ಆ ಸುಮನಹಳ್ಳಿ ಯಾವುದೋ ಹಳೇ ಹಳ್ಳಿಯ ಹೆಸರಲ್ಲ. 1970ರ ದಶಕದ ಕೊನೆಯಲ್ಲಿ ಸರ್ಕಾರ ಕೊಟ್ಟ ಜಾಗದಲ್ಲಿ ಬೆಂಗಳೂರಿನ ಕ್ರೈಸ್ತ ಮಹಾಧರ್ಮಪ್ರಾಂತ್ಯ ಕುಷ್ಠರೋಗಿಗಳಿಗೆ ಅಂತ ಶುರುಮಾಡಿದ ಪುನರ್ವಸತಿ ಕೇಂದ್ರದ ಹೆಸರು ಅದು. ಆಗ ಅದು ಊರಾಚೆ. ಆಮೇಲೆ ಊರೇ ಅಲ್ಲಿಗೆ ಹೋಯ್ತು. ಈಗ ಅದೇ ಹೆಸರಲ್ಲಿ ಫ್ಲೈಓವರ್ ಇದೆ, ಬಸ್ ಸ್ಟಾಪ್ ಇದೆ, ಸುತ್ತ ಬಾಡಿಗೆಯೂ ಜೋರಾಗಿದೆ.