ನಾಲ್ಕು ಸೂತ್ ಜಾಗ: ದೆಹಲಿಯ ಅಡುಗೆಮನೆಗೆ ಡ್ರಾಯರ್ ಬಂದ ಬಗೆ

ದೆಹಲಿಯ ಬಡಗಿಗಳು ಇಂದಿಗೂ ಸೂತ್ ಲೆಕ್ಕದಲ್ಲಿ ಮಾತಾಡುತ್ತಾರೆ. ಸೂತ್ ಎಂದರೆ ನೂಲು; ಒಂದು ಇಂಚಿಗೆ ಎಂಟು ಸೂತ್. ಡ್ರಾಯರನ್ನು ಅವರು ದರಾಜ್ ಎನ್ನುತ್ತಾರೆ, ಇಂಗ್ಲಿಷಿನ ‘ಡ್ರಾಯರ್ಸ್’ ಹಿಂದಿಯ ಬಾಯಿಗೆ ಒಗ್ಗಿಕೊಂಡ ರೂಪ ಅದು. ಅದನ್ನು ಹೊತ್ತು ಜಾರುವ ಉಕ್ಕಿನ ಪಟ್ಟಿ ಚಾನೆಲ್. ಇಂಚಿನ ಲೆಕ್ಕದ ಕೈಗಳು ಮಿಲಿಮೀಟರಿನ ಪೆಟ್ಟಿಗೆಯನ್ನು ಜೋಡಿಸಲು ಕಲಿತದ್ದೇ ದೆಹಲಿಯ ಆಧುನಿಕ ಅಡುಗೆಮನೆಯ ಚರಿತ್ರೆ.

1957ರಲ್ಲಿ ಸ್ಥಾಪನೆಯಾದ ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಫ್ಲ್ಯಾಟುಗಳಲ್ಲಿ ಅಡುಗೆಮನೆ ಎಂದರೆ ಮುಖ್ಯವಾಗಿ ಒಂದು ಕಲ್ಲಿನ ಕಟ್ಟೆ. ಅನುಕೂಲವಿದ್ದವರು ಅದರ ಕೆಳಗೆ ಮರದ ಚೌಕಟ್ಟು ಕೂರಿಸಿ ಬಾಗಿಲು ಹಾಕಿಸುತ್ತಿದ್ದರು. ಗೋಡೆ ಸೊಟ್ಟಗಿದ್ದರೂ ಚೌಕಟ್ಟು ಅದನ್ನು ಮರೆಸುತ್ತಿತ್ತು. ಆದರೆ ಚೌಕಟ್ಟಿನ ಅಂಚು ಒಳಕ್ಕೆ ಚಾಚಿರುವುದರಿಂದ ಡ್ರಾಯರ್ ಹಾಕಬೇಕಾದರೆ ಪಕ್ಕಗಳಿಗೆ ಮರದ ತುಂಡು ಕೊಟ್ಟು ಸಮ ಮಾಡಬೇಕಿತ್ತು. ಮರದ ಪಟ್ಟಿಯ ಮೇಲೆ ಜಾರುವ ಡ್ರಾಯರ್ ಮಳೆಗಾಲದಲ್ಲಿ ಉಬ್ಬಿ ಹಿಡಿದುಕೊಳ್ಳುತ್ತಿತ್ತು. ಹಿಟ್ಟಿನ ಡಬ್ಬ, ಬೇಳೆ ಡಬ್ಬಗಳಿಗಾಗಿ ಮನೆಯ ಹೆಂಗಸರು ಕುಕ್ಕರುಗಾಲಿನಲ್ಲಿ ಕೂತು ಕತ್ತಲೆಗೆ ಕೈ ಹಾಕಬೇಕಿತ್ತು.

ಚೌಕಟ್ಟಿಲ್ಲದ ಪೆಟ್ಟಿಗೆ ಬಂದದ್ದು ಯುರೋಪಿನಿಂದ. 1926ರಲ್ಲಿ ಮಾರ್ಗರೆಟೆ ಶ್ಯುಟೆ-ಲಿಹೋಟ್ಸ್ಕಿ ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆಯಲ್ಲಿ ದಿನಸಿಗೆ ಅಲ್ಯೂಮಿನಿಯಂ ಡ್ರಾಯರ್‌ಗಳಿದ್ದವು. ಎರಡನೆಯ ಮಹಾಯುದ್ಧದ ನಂತರ ಮರ ಸಾಲದಾಗ ಹಲಗೆಗಳನ್ನೇ ಜೋಡಿಸಿ ಪೆಟ್ಟಿಗೆ ಮಾಡುವ ಪದ್ಧತಿ ಜರ್ಮನಿಯಲ್ಲಿ ಬೆಳೆಯಿತು. ರಂಧ್ರ ಕೊರೆಯುವ ಯಂತ್ರದ ಹಲ್ಲುಚಕ್ರಗಳು ಒಂದಕ್ಕೊಂದು ಎಷ್ಟು ಹತ್ತಿರ ಬರಬಲ್ಲವೋ ಅಷ್ಟೇ ಅಂತರ ನಿಯಮವಾಯಿತು: 32 ಮಿಲಿಮೀಟರ್.

ದೆಹಲಿಗೆ ಇದು ಹೊಂದಿಕೊಳ್ಳಲು ಮರದ ಕಥೆಯೂ ಕಾರಣ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಡಿನ ಮರ ಕಡಿಯುವುದಕ್ಕೂ ಈಶಾನ್ಯ ರಾಜ್ಯಗಳಿಂದ ಮರ ಸಾಗಿಸುವುದಕ್ಕೂ ಬಿಗಿ ಕಡಿವಾಣ ಹಾಕಿತು. ಅಷ್ಟರಲ್ಲಿ ಉತ್ತರದ ರೈತರು ಪಾಪ್ಲರ್ ಬೆಳೆಯತೊಡಗಿದ್ದರು. 1980ರ ದಶಕದಲ್ಲಿ ಅದನ್ನು ಪ್ರೋತ್ಸಾಹಿಸಿದ್ದು ಬೆಂಕಿಪೊಟ್ಟಣದ ಕಂಪನಿ ವಿಮ್ಕೊ. ಹರಿಯಾಣದ ಯಮುನಾನಗರ ಪ್ಲೈವುಡ್ಡಿನ ಊರಾಯಿತು. ಪಶ್ಚಿಮ ದೆಹಲಿಯ ಕೀರ್ತಿ ನಗರದ ಮಂಡಿಯಲ್ಲಿ ಎಂಟಡಿ ನಾಲ್ಕಡಿ ಹಾಳೆ ಕೊಂಡರೆ ಪೆಟ್ಟಿಗೆ ಅರ್ಧ ಆದಂತೆಯೇ.

ಉಳಿದರ್ಧ ಚಾನೆಲ್. ಗುಂಡುಗಳ ಮೇಲೆ ಓಡುವ ಸಾಮಾನ್ಯ ಟೆಲಿಸ್ಕೋಪಿಕ್ ಚಾನೆಲ್ಲಿನ ದಪ್ಪ 12.7 ಮಿ.ಮೀ. ಅಂದರೆ ಸರಿಯಾಗಿ ಅರ್ಧ ಇಂಚು, ನಾಲ್ಕು ಸೂತ್! ಬಡಗಿಗಳು ಅದನ್ನು ತಕ್ಷಣ ಒಪ್ಪಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. 900 ಮಿ.ಮೀ. ಪೆಟ್ಟಿಗೆಯಲ್ಲಿ 18 ಮಿ.ಮೀ. ದಪ್ಪದ ಎರಡು ಪಕ್ಕ ಕಳೆದರೆ ಒಳಗೆ 864. ಎರಡು ಚಾನೆಲ್ಲಿಗೆ 26 ಬಿಟ್ಟರೆ ಡ್ರಾಯರಿನ ಹೊರ ಅಗಲ 838. ಎಡವುವುದು ಸನ್‌ಮೈಕಾ ಅಂಟಿಸುವಾಗ. 0.8 ಮಿ.ಮೀ. ಹಾಳೆ ಪೆಟ್ಟಿಗೆಯ ಒಳಗೆರಡು, ಡ್ರಾಯರಿನ ಹೊರಗೆರಡು ಮೈಗೆ ಬಿದ್ದರೆ 3.2 ಮಿ.ಮೀ. ಹೋಯಿತು, ಡ್ರಾಯರ್ ಕಚ್ಚಿಕೊಂಡಿತು. ಹಾಗಾಗಿ ಮೊದಲು ಅಂಟಿಸಿ, ಆಮೇಲೆ ಅಳೆಯಬೇಕು. ತಪ್ಪು ಮುಚ್ಚಲು ಇಲ್ಲಿ ಚೌಕಟ್ಟಿಲ್ಲ. ಪಕ್ಕದ ಎರಡು ಹಲಗೆ ಮುಂದೆಯೂ ಹಿಂದೆಯೂ ಒಂದೇ ಅಂತರದಲ್ಲಿರಬೇಕು, ಸ್ಕ್ರೂ ಹಲಗೆಯ ದಪ್ಪಕ್ಕಿಂತ ಗಿಡ್ಡಗಿರಬೇಕು.

32 ಮಿ.ಮೀ. ಮಾತ್ರ ಸೂತ್‌ಗೆ ಬಗ್ಗಲಿಲ್ಲ. ಹತ್ತು ಸೂತ್ ಎಂದರೆ 31.75, ಹತ್ತು ಅಂತರ ದಾಟುವಷ್ಟರಲ್ಲಿ ಎರಡೂವರೆ ಮಿ.ಮೀ. ವ್ಯತ್ಯಾಸ. ಡ್ರಾಯರಿನ ಅಡಿಯಲ್ಲಿ ಅಡಗುವ ಹೊಸ ಚಾನೆಲ್‌ಗಳದು ಇನ್ನೂ ಬೇರೆ ಲೆಕ್ಕ: ಅವು ಸಾಮಾನ್ಯವಾಗಿ ಕೇಳುವುದು 16 ಮಿ.ಮೀ. ಮೀರದ ಪಕ್ಕ, ಸುಲಭವಾಗಿ ಸಿಗುವ ಹಾಳೆ 18ರದು. ಮೊದಲೇ ಹೇಳದೆ ಕೊಂಡು ತಂದರೆ ಮಾಡಿಟ್ಟ ಡ್ರಾಯರ್ ಬಿಚ್ಚಬೇಕು, ಗುತ್ತಿಗೆ ಕೆಲಸದಲ್ಲಿ ಆ ದಿನದ ಕೂಲಿ ಬಡಗಿಯದೇ ನಷ್ಟ.

ಆದ್ದರಿಂದ ಚಾನೆಲ್ ಮೊದಲು, ಪೆಟ್ಟಿಗೆ ಆಮೇಲೆ. ಚಮಚ ಇಡುವ ಡ್ರಾಯರಿಗೆ ಹಗುರವಾದದ್ದು ಸಾಕು. ಹಿಟ್ಟು, ಕುಕ್ಕರು, ಸ್ಟೀಲಿನ ಪಾತ್ರೆಗಳಿಗೆ 35–45 ಕಿಲೊ ತಾಳುವ, ಪೂರ್ತಿ ಹೊರಗೆ ಬರುವ ಚಾನೆಲ್ಲೇ ಬೇಕು. ಅರ್ಧ ಮಾತ್ರ ಹೊರಗೆ ಬರುವ ಡ್ರಾಯರಿನ ಹಿಂಭಾಗ ಕಟ್ಟೆಯ ಕೆಳಗಿನ ಹಳೆಯ ಕತ್ತಲೆಯೇ.