ಹಾಕೊನ್ ದೊರೆ ಸತ್ತ ಅರಮನೆ: ಗೋಡೆ ಮತ್ತು ಸಾಗಾ

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ಕಿರ್ಕ್‌ವಾಲ್ ಊರಲ್ಲಿ ಪಾಳುಬಿದ್ದ ಬಿಷಪ್ ಅರಮನೆ ಇದೆ. ಮೇಲ್ಛಾವಣಿ ಇಲ್ಲ, ಬರೀ ಗೋಡೆ. ನಾರ್ವೆಯ ದೊರೆ ನಾಲ್ಕನೇ ಹಾಕೊನ್ ಲಾರ್ಗ್ಸ್ ಕಾಳಗದ ನಂತರ ಇಲ್ಲಿಗೆ ಬಂದು, 1263ರ ಡಿಸೆಂಬರಿನಲ್ಲಿ ತೀರಿಕೊಂಡ. ಶಾಸನ ಹುಡುಕೋ ಚಟ ನೋಡಿ, ಗೋಡೆಗಳನ್ನೆಲ್ಲ ಸುತ್ತಿದೆ. ಅವನ ಕಾಲದ ಒಂದಕ್ಷರವೂ ನನ್ನ ಕಣ್ಣಿಗೆ ಬೀಳಲಿಲ್ಲ.

ಆದರೆ ಗೋಡೆಯನ್ನೇ ಓದಬಹುದು. ಕೆಳಭಾಗ 12ನೇ ಶತಮಾನದ್ದು. ಫೋಟೋಗಳಲ್ಲಿ ಎದ್ದು ಕಾಣೋ ದುಂಡು ಗೋಪುರ 16ನೇ ಶತಮಾನದಲ್ಲಿ ಬಿಷಪ್ ರಾಬರ್ಟ್ ರೀಡ್ ಕಟ್ಟಿಸಿದ್ದು. ಹಾಕೊನ್ ಅದನ್ನು ಕಂಡೇ ಇಲ್ಲ!

ಅವನ ಕೊನೆಯ ದಿನಗಳು ತಿಳಿಯೋದು ಸ್ಟುರ್ಲಾ ಥೋರ್ಡಾರ್ಸನ್ ಬರೆದ ಸಾಗಾದಿಂದ. ಹಾಸಿಗೆ ಹಿಡಿದ ದೊರೆಗೆ ಮೊದಲು ಲ್ಯಾಟಿನ್ ಪುಸ್ತಕ ಓದಿಸಿದರು. ಅರ್ಥ ಹಿಡಿಯೋದೇ ದಣಿವಾದಾಗ ನಾರ್ಸ್ ಭಾಷೆಯ ಸಂತರ ಕಥೆಗಳು, ಆಮೇಲೆ ರಾಜರ ಸಾಗಾಗಳು, ಕಡೆಗೆ ಅಜ್ಜ ಸ್ವೆರ್ರೆಯದು. ಅದು ಮುಗಿದ ಸ್ವಲ್ಪ ಹೊತ್ತಿಗೇ ದೊರೆಯ ಉಸಿರು ನಿಂತಿತು.

ಬರೆಸಿದವನು ಮಗ ಮಾಗ್ನಸ್. ಅಂದಮೇಲೆ ನಮ್ಮ ಪ್ರಶಸ್ತಿ ಶಾಸನಗಳ ಹಾಗೆ ಹೊಗಳಿಕೆಯನ್ನು ಸೋಸಿಯೇ ಓದಬೇಕು. ಆದರೆ ದೊರೆ ಲ್ಯಾಟಿನ್ ಕೇಳಿ ಸುಸ್ತಾದ ಅನ್ನೋದನ್ನು ಹೊಗಳುಭಟ್ಟ ಯಾಕೆ ಕಟ್ಟುತ್ತಾನೆ? ನಾನಂತೂ ನಂಬುತ್ತೇನೆ.

ದೇಹವನ್ನು ಪಕ್ಕದ ಸೇಂಟ್ ಮಾಗ್ನಸ್ ಕೆಥೀಡ್ರಲ್‌ನಲ್ಲಿ ಇರಿಸಿದ್ದು, ಚಳಿಗಾಲ ಕಳೆದ ಮೇಲೆ ಬರ್ಗೆನ್‌ಗೆ ಹಡಗಿನಲ್ಲಿ ಒಯ್ದರು.