ನಡುಪುಟದ ಚಿತ್ರಗಳು ಮತ್ತು ಹಿಂತಿರುಗಿಸದ ಒಂದು ಪುಸ್ತಕ



ಮನೆಗೆ ಸುಣ್ಣ ಬಳಿಸುವ ನೆಪದಲ್ಲಿ ಇತ್ತೀಚೆಗೆ ಅಟ್ಟದ ಮೇಲಿನ ಹಳೆಯ ಟ್ರಂಕನ್ನು ಕೆಳಗಿಳಿಸಬೇಕಾಯಿತು. ಅದರಲ್ಲಿ ಹಳದಿಗಟ್ಟಿದ ಕೆಲವು ಕ್ರೀಡಾ ವಾರಪತ್ರಿಕೆಗಳೂ ಅವುಗಳ ಅಡಿಯಲ್ಲಿ ಉಬ್ಬಿಕೊಂಡಿದ್ದ ಒಂದು ಲಾಂಗ್ ನೋಟ್‌ಬುಕ್ಕೂ ಇದ್ದವು. ಮನೆಯಾಕೆ ಸಹಜವಾಗಿಯೇ, "ಇವನ್ನೆಲ್ಲ ರದ್ದಿಗೆ ಹಾಕೂಣೇನ್ರಿ?" ಎಂದು ಕೇಳಿದಳು. ಪತ್ರಿಕೆಗಳನ್ನು ಕೊಡಬಹುದಿತ್ತು. ಆದರೆ ಆ ನೋಟ್‌ಬುಕ್ಕು ನನ್ನದಲ್ಲ. ಅದರ ಕಥೆಯನ್ನು ಹೇಳುವ ಮುನ್ನ, ಇತಿಹಾಸದ ಮೇಷ್ಟರ ಅಭ್ಯಾಸದಂತೆ, ಸ್ವಲ್ಪ ಹಿಂದಕ್ಕೆ ಹೋಗಲು ಅನುಮತಿ ಕೊಡಿ.

ಆಟಗಾರರ ಚಿತ್ರಗಳನ್ನು ಕೂಡಿಡುವ ಹವ್ಯಾಸವು ಹುಟ್ಟಿದ್ದು ಸಿಗರೇಟಿನ ಪೊಟ್ಟಣದಲ್ಲಿ ಎಂದರೆ ನಿಮಗೆ ಆಶ್ಚರ್ಯವಾದೀತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತೆಳುವಾದ ಪೊಟ್ಟಣವು ಮಡಚದಿರಲೆಂದು ಒಳಗೊಂದು ರಟ್ಟಿನ ತುಂಡನ್ನು ಇಡುತ್ತಿದ್ದರು. ಆ ತುಂಡಿನ ಮೇಲೆ ಚಿತ್ರ ಅಚ್ಚಾದಾಗ ವ್ಯಾಪಾರವೂ ಬೆಳೆಯಿತು. ಇಂಗ್ಲೆಂಡಿನ ವಿಲ್ಸ್ ಕಂಪನಿಯು 1896ರಲ್ಲಿ ಕ್ರಿಕೆಟ್ ಆಟಗಾರರ ಚಿತ್ರಮಾಲೆಯೊಂದನ್ನು ಹೊರತಂದಿತು. ನಮ್ಮ ರಣಜಿತ್ ಸಿಂಹಜಿಯವರ ಮುಖವೂ ಆ ಕಾಲದಲ್ಲಿ ಇಂಗ್ಲೆಂಡಿನ ಸಿಗರೇಟು ಪೊಟ್ಟಣಗಳ ಮೂಲಕ ಮನೆಮನೆಗೆ ಹೋಗಿತ್ತು. ಎರಡನೆಯ ಮಹಾಯುದ್ಧದ ಕಾಗದದ ಅಭಾವ ಆ ಪದ್ಧತಿಯನ್ನು ಅಲ್ಲಿ ನಿಲ್ಲಿಸಿತು.

ಅಮೆರಿಕದಲ್ಲಿ ಸಿಗರೇಟಿನ ಸ್ಥಾನವನ್ನು ಬಬಲ್ ಗಮ್ ಪಡೆಯಿತು. 1952ರಲ್ಲಿ ಟಾಪ್ಸ್ ಕಂಪನಿಯ ಸೈ ಬರ್ಗರ್ ಎಂಬವರು ರೂಪಿಸಿದ ಬೇಸ್‌ಬಾಲ್ ಕಾರ್ಡುಗಳ ಮುಂಬದಿಯಲ್ಲಿ ಬಣ್ಣದ ಚಿತ್ರ, ಹಿಂಬದಿಯಲ್ಲಿ ಆಟಗಾರನ ಅಂಕಿ ಅಂಶಗಳಿದ್ದವು. ಮಾರಾಟವಾಗದೆ ಉಳಿದ ಆ ವರ್ಷದ ಕಾರ್ಡುಗಳನ್ನು ಎಷ್ಟೋ ವರ್ಷಗಳ ಮೇಲೆ ದೋಣಿಯಲ್ಲಿ ಒಯ್ದು ಸಮುದ್ರಕ್ಕೆ ಸುರಿಸಿದೆನೆಂದು ಬರ್ಗರ್ ಅವರೇ ಹೇಳಿಕೊಂಡಿದ್ದಾರೆ. ಅದೇ ಮಾಲೆಯ ಮಿಕಿ ಮ್ಯಾಂಟಲ್ ಎಂಬ ಆಟಗಾರನ ಒಂದು ಕಾರ್ಡು 2022ರ ಆಗಸ್ಟಿನಲ್ಲಿ 1.26 ಕೋಟಿ ಡಾಲರಿಗೆ, ಅಂದರೆ ಸುಮಾರು ನೂರು ಕೋಟಿ ರೂಪಾಯಿಗೆ, ಹರಾಜಾಯಿತು. ಬಿಸಾಡಿದ್ದರಿಂದಲೇ ಉಳಿದದ್ದಕ್ಕೆ ಬೆಲೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಆದರೆ ಯಾವ ಕಾರ್ಡಿಗೆ ಎಷ್ಟು ಬೆಲೆ ಎಂದು ತಿಳಿಯುವುದು ಹೇಗೆ? ಜೇಮ್ಸ್ ಬೆಕೆಟ್ ಎಂಬ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು ಈ ಪ್ರಶ್ನೆಗೆ ಉತ್ತರ ಹುಡುಕಿದರು. ಕಾರ್ಡುಗಳ ಮಾರಾಟದ ಬೆಲೆಗಳನ್ನು ಸಂಗ್ರಹಿಸಿ, ಪಟ್ಟಿ ಮಾಡಿ, 1984ರಲ್ಲಿ ಒಂದು ಮಾಸಪತ್ರಿಕೆಯನ್ನೇ ಆರಂಭಿಸಿದರು. ಮುಂದಿನ ಹತ್ತು ವರ್ಷ ಆ ಬಗೆಯ ಪತ್ರಿಕೆಗಳ ಸುಗ್ಗಿಯ ಕಾಲ. ಪಂಚಾಂಗ ನೋಡದೆ ಮುಹೂರ್ತವಿಲ್ಲ ಎಂಬಂತೆ, ಬೆಕೆಟ್ ನೋಡದೆ ಅಲ್ಲಿನ ಹುಡುಗರು ಕಾರ್ಡು ಬದಲಾಯಿಸುತ್ತಿರಲಿಲ್ಲವಂತೆ. ಲಾಭದ ಆಸೆಗೆ ಕಂಪನಿಗಳು ಮಿತಿಮೀರಿ ಕಾರ್ಡುಗಳನ್ನು ಅಚ್ಚು ಹಾಕಿದವು; ಎಲ್ಲರ ಮನೆಯಲ್ಲೂ ಇರುವ ವಸ್ತುವಿಗೆ ಬೆಲೆ ಉಳಿಯಲಿಲ್ಲ. 1994ರಲ್ಲಿ ಆಟಗಾರರ ಮುಷ್ಕರದಿಂದ ಆ ವರ್ಷದ ವಿಶ್ವ ಸರಣಿಯೇ ರದ್ದಾಯಿತು. ಮರುವರ್ಷ ಇಬೇ ಎಂಬ ಅಂತರ್ಜಾಲದ ಹರಾಜುಕಟ್ಟೆ ತೆರೆಯಿತು. ಈ ಕ್ಷಣದ ಬೆಲೆ ಕಣ್ಣೆದುರೇ ಕಾಣುವಾಗ, ವಾರಗಳ ಹಿಂದೆ ಅಚ್ಚಾದ ಪಟ್ಟಿಗೆ ಕಾಸು ಕೊಡುವವರು ಕಡಿಮೆಯಾದರು. ಹೀಗೆ ಅಲ್ಲಿನ ಪತ್ರಿಕೆಗಳು ಸೊರಗಿದವು.

ನಮ್ಮಲ್ಲಿ ನಡೆದದ್ದು ಬೇರೆ. ನಮ್ಮ ಹುಡುಗರಿಗೆ ಬೆಲೆಯ ಪಟ್ಟಿ ಬೇಕಿರಲಿಲ್ಲ, ಏಕೆಂದರೆ ಅವರು ಕೂಡಿಟ್ಟದ್ದು ಮಾರಲಿಕ್ಕಲ್ಲ. ನಿಜ, ಎಂಬತ್ತರ ದಶಕದಲ್ಲಿ ಬಿಗ್ ಫನ್ ಎಂಬ ಬಬಲ್ ಗಮ್ಮಿನೊಡನೆ ಕ್ರಿಕೆಟ್ ಚೀಟಿಗಳು ಬರುತ್ತಿದ್ದವು. ಅವುಗಳಲ್ಲಿ ಓಟ, ವಿಕೆಟ್ ಎಂದು ನಮೂದಾಗಿರುತ್ತಿತ್ತು. ಅದಕ್ಕೂ ಮೊದಲಿನಿಂದ ಕಡ್ಡಿಪೆಟ್ಟಿಗೆಯ ಚಿತ್ರಗಳನ್ನು ಕೂಡಿಡುವ ಚಟವೂ ಇತ್ತು. ಆದರೆ ಕ್ರೀಡೆಯ ನಿಜವಾದ ಚಿತ್ರಭಂಡಾರವಾಗಿದ್ದದ್ದು ಪತ್ರಿಕೆಗಳೇ. ಅಮೆರಿಕದಲ್ಲಿ ಪತ್ರಿಕೆಯು ಕಾರ್ಡಿಗೆ ಕೈಪಿಡಿಯಾಗಿತ್ತು. ನಮ್ಮಲ್ಲಿ ಪತ್ರಿಕೆಯೇ ಕಾರ್ಡಾಗಿತ್ತು.

ಮುಂಬಯಿಯಿಂದ ಖಾಲಿದ್ ಅನ್ಸಾರಿಯವರ 'ಸ್ಪೋರ್ಟ್ಸ್‌ವೀಕ್', ಕಲ್ಕತ್ತದಿಂದ ಮನ್ಸೂರ್ ಅಲಿ ಖಾನ್ ಪಟೌಡಿಯವರ ಸಂಪಾದಕತ್ವದ 'ಸ್ಪೋರ್ಟ್ಸ್‌ವರ್ಲ್ಡ್', 1978ರಿಂದ ಮದ್ರಾಸಿನ 'ದಿ ಹಿಂದೂ' ಬಳಗದ 'ಸ್ಪೋರ್ಟ್‌ಸ್ಟಾರ್', ಅದೇ ವರ್ಷ ದೆಹಲಿಯಿಂದ ಹಿಂದಿಯ 'ಕ್ರಿಕೆಟ್ ಸಮ್ರಾಟ್' ಹೊರಬಂದವು. ಕನ್ನಡದ ಹುಡುಗರು ಕ್ರೀಡೆಯನ್ನು ಹೆಚ್ಚಾಗಿ ಓದಿದ್ದು ದಿನಪತ್ರಿಕೆಯ ಕೊನೆಯ ಪುಟಗಳಲ್ಲಿ, 1965ರಲ್ಲಿ ಆರಂಭವಾದ 'ಸುಧಾ', 1983ರಲ್ಲಿ ಆರಂಭವಾದ 'ತರಂಗ' ಇವುಗಳ ಕ್ರೀಡಾಲೇಖನಗಳಲ್ಲಿ. ಓದಿದ್ದು ಕನ್ನಡದಲ್ಲಿ, ಕತ್ತರಿಸಿದ್ದು ಇಂಗ್ಲಿಷಿನಿಂದ ಎಂದರೆ ತಪ್ಪಾಗದು. ಇಂಗ್ಲಿಷ್ ವಾರಪತ್ರಿಕೆಯ ನಡುಪುಟದ ಬಣ್ಣದ ಚಿತ್ರಕ್ಕೆ ಭಾಷೆಯ ಹಂಗಿರಲಿಲ್ಲ.

ಈಗ ಶಕ್ತಿನಗರಕ್ಕೆ ಬರೋಣ. ನಾನು ಬಿ.ಎಡ್. ಮುಗಿಸಿ ಇಲ್ಲಿಗೆ ಬಂದಾಗ ಊರಿಗೇ ಇನ್ನೂ ಹಸಿ ಸಿಮೆಂಟಿನ ವಾಸನೆಯಿತ್ತು. ಕೃಷ್ಣೆಯ ದಂಡೆಯ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕವು 1985ರಲ್ಲಿ ವಿದ್ಯುತ್ ಕೊಡಲಾರಂಭಿಸಿತ್ತು. ದೇವಸೂಗೂರಿನ ಪಕ್ಕದಲ್ಲಿ ಕಾಲೊನಿಯ ಮನೆಗಳು ಸಾಲಾಗಿ ಎದ್ದಿದ್ದವು. ಮೈಸೂರು, ಶಿವಮೊಗ್ಗ, ಧಾರವಾಡ, ಗದ್ವಾಲ, ಹೀಗೆ ಎಲ್ಲೆಲ್ಲಿಂದಲೋ ಬಂದವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಆ ಮಕ್ಕಳಿಗೆ ಊರು ಬೇರೆ, ಮಾತು ಬೇರೆ, ಆಟವೊಂದೇ ಸಮಾನ. 1983ರ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದ ನಮ್ಮ ರೋಜರ್ ಬಿನ್ನಿಯ ಚಿತ್ರವಿದ್ದವನು ತರಗತಿಯ ಸಾಹುಕಾರ. ರಾಯಚೂರಿಗೆ ಹೋಗುವ ತಂದೆಯಂದಿರಿಗೆ ಮಕ್ಕಳು ಕಾಯಿಪಲ್ಯದ ಚೀಟಿಯೊಡನೆ ವಾರಪತ್ರಿಕೆಯ ಹೆಸರನ್ನೂ ಬರೆದುಕೊಡುತ್ತಿದ್ದರು. ಒಂದು ಸಂಚಿಕೆಯನ್ನು ಹತ್ತು ಮನೆಯವರು ಓದುತ್ತಿದ್ದರು. ಹನ್ನೊಂದನೆಯ ಮನೆ ತಲುಪುವಾಗ ನಡುಪುಟ ಮಾಯವಾಗಿರುತ್ತಿತ್ತು.

ದೂರದರ್ಶನ ಬಂದು ಪತ್ರಿಕೆಗಳನ್ನು ಕೊಂದಿತು ಎಂದು ಹಲವರು ಹೇಳುತ್ತಾರೆ. ನಾನು ಕಂಡದ್ದು ಹಾಗಲ್ಲ. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿ.ವಿ. ಬಂತು, 1987ರಲ್ಲಿ ವಿಶ್ವಕಪ್ ನಮ್ಮ ನೆಲದಲ್ಲೇ ನಡೆಯಿತು. ಟಿ.ವಿ.ಯಲ್ಲಿ ಕಂಡ ಹೊಡೆತವು ಕ್ಷಣದಲ್ಲಿ ಮಾಯವಾಗುತ್ತಿತ್ತು, ಕರೆಂಟು ಹೋದರಂತೂ ಮುಗಿಯಿತು. ವಿದ್ಯುತ್ ತಯಾರಾಗುವ ಊರಿನಲ್ಲೂ ಕರೆಂಟು ಹೋಗುತ್ತಿತ್ತೆಂದರೆ ನೀವು ನಗಬೇಡಿ. ಹಾಗಾಗಿ ನೋಡಿದ್ದನ್ನು ಕೈಯಲ್ಲಿ ಹಿಡಿದಿಡುವ ಆಸೆ ಟಿ.ವಿ.ಯಿಂದ ಹೆಚ್ಚಿತೇ ಹೊರತು ಕುಗ್ಗಲಿಲ್ಲ.

ಪತ್ರಿಕೆಗಳನ್ನು ಸೊರಗಿಸಿದ್ದು ಅದರ ನಂತರ ಒಟ್ಟೊಟ್ಟಿಗೆ ಬಂದ ಮೂರು ಸಂಗತಿಗಳು. ಮೊದಲನೆಯದಾಗಿ, ದಿನಪತ್ರಿಕೆಗಳೇ ಬಣ್ಣದಲ್ಲಿ ಅಚ್ಚಾಗತೊಡಗಿದವು. ವಾರಕ್ಕೊಮ್ಮೆ ಸಿಗುತ್ತಿದ್ದ ಹಬ್ಬದೂಟ ನಿತ್ಯದ ಊಟವಾಯಿತು. ಎರಡನೆಯದಾಗಿ, ಉಪಗ್ರಹ ವಾಹಿನಿಗಳಿಂದ ಪಂದ್ಯಗಳ ಸಂಖ್ಯೆ ಹೆಚ್ಚಿ, ಒಂದು ಸರಣಿಯ ವಿವರ ಅಚ್ಚಾಗಿ ಬರುವಷ್ಟರಲ್ಲಿ ಮತ್ತೊಂದು ಆರಂಭವಾಗಿರುತ್ತಿತ್ತು. ಮೂರನೆಯದು ಅಂತರ್ಜಾಲ. 1993ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿದ್ದವರು ಹವ್ಯಾಸಕ್ಕೆಂದು ಆರಂಭಿಸಿದ ಕ್ರಿಕ್‌ಇನ್ಫೋ, ಯಾರ ಸರಾಸರಿ ಎಷ್ಟು ಎಂಬ ನಮ್ಮ ಹುಡುಗರ ಜಗಳಗಳಿಗೆಲ್ಲ ಕೂಡಲೇ ತೀರ್ಪು ಕೊಡತೊಡಗಿತು. ಕಾಗದದ ಬೆಲೆ ಏರಿತು, ಜಾಹೀರಾತುದಾರರು ಟಿ.ವಿ.ಯತ್ತ ಸರಿದರು. 'ಸ್ಪೋರ್ಟ್ಸ್‌ವೀಕ್', 'ಸ್ಪೋರ್ಟ್ಸ್‌ವರ್ಲ್ಡ್' ನಿಂತುಹೋದವು. 2001ರಲ್ಲಿ ಅಂದವಾಗಿ ಹೊರಟ 'ವಿಸ್ಡನ್ ಏಷ್ಯಾ ಕ್ರಿಕೆಟ್' ಆ ದಶಕ ಮುಗಿಯುವುದರೊಳಗೆ ಮುಗಿಯಿತು. 'ಸ್ಪೋರ್ಟ್‌ಸ್ಟಾರ್' 2006ರಲ್ಲಿ ಟ್ಯಾಬ್ಲಾಯ್ಡ್ ಆಕಾರಕ್ಕೆ ತಿರುಗಿ, 2012ರಲ್ಲಿ ಮತ್ತೆ ಹಳೆಯ ಪತ್ರಿಕೆಯ ಆಕಾರಕ್ಕೆ ಮರಳಿ, ಹೇಗೋ ಉಳಿದುಕೊಂಡಿತು. ನಾಲ್ಕು ದಶಕ ನಡೆದ 'ಕ್ರಿಕೆಟ್ ಸಮ್ರಾಟ್' 2020ರ ಕೊರೊನಾ ಕಾಲದಲ್ಲಿ ಬಾಗಿಲು ಮುಚ್ಚಿತು. ಐ.ಪಿ.ಎಲ್. ಬಂದ ಮೇಲೆ ಟಾಪ್ಸ್ ಕಂಪನಿಯ ಕ್ರಿಕೆಟ್ ಕಾರ್ಡುಗಳು ನಮ್ಮ ಅಂಗಡಿಗಳಿಗೂ ಬಂದವು. ಪತ್ರಿಕೆ ಹೋಗಿ ಕಾರ್ಡು ಬಂತು. ಆದರೆ ಕತ್ತರಿ, ಗೋಂದು, ನೋಟ್‌ಬುಕ್ಕುಗಳ ಕಾಲ ಮರಳಲಿಲ್ಲ.

ಇನ್ನು ಆ ಪುಸ್ತಕದ ಮಾತು.

1996ರ ಮಾರ್ಚ್ ಮೊದಲ ವಾರ. ಎಸ್ಸೆಸ್ಸೆಲ್ಸಿ ಪರೀಕ್ಷೆ ಸಮೀಪಿಸಿತ್ತು, ವಿಶ್ವಕಪ್ಪೂ ನಡೆದಿತ್ತು. ಪುನರಾವರ್ತನೆಯ ಪಾಠ ಮಾಡುತ್ತಿರುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಸಮಾಜ ಪುಸ್ತಕದ ಮರೆಯಲ್ಲಿ ಮತ್ತೇನನ್ನೋ ನೋಡುತ್ತಿದ್ದ. ಹೋಗಿ ಕಿತ್ತುಕೊಂಡೆ. ಅವನು ಅಳಲಿಲ್ಲ. ತರಗತಿ ಮುಗಿದ ಮೇಲೆ ಹಿಂದೆಯೇ ಬಂದು, "ಪರೀಕ್ಷಾ ಮುಗದ ಮ್ಯಾಲ ಕೊಡ್ತೀರಲ್ರೀ ಸರ?" ಎಂದು ಕೇಳಿದ. "ಕೊಡ್ತೀನಿ, ಮೊದಲು ಓದು" ಎಂದೆ.

ಪರೀಕ್ಷೆಯ ಸಮಯದಲ್ಲಿ ನನ್ನನ್ನು ಮೇಲ್ವಿಚಾರಣೆಗೆ ದೇವದುರ್ಗಕ್ಕೆ ಹಾಕಿದರು. ಅದು ಮುಗಿಯುತ್ತಲೇ ಮೌಲ್ಯಮಾಪನ. ನಾನಿಲ್ಲದಾಗ ಅವನು ಎರಡು ಬಾರಿ ಮನೆಗೆ ಬಂದು ಹೋಗಿದ್ದನಂತೆ. ಮರಳಿ ಬಂದಾಗ ಅವರ ಕ್ವಾರ್ಟರ್ಸಿಗೆ ಬೀಗ ಬಿದ್ದಿತ್ತು. ತಂದೆಗೆ ಮಲೆನಾಡಿನ ಕಡೆಗೆ ವರ್ಗವಾಗಿತ್ತು. ವಿಳಾಸ ಕೇಳಿ ಅಂಚೆಯಲ್ಲಿ ಕಳಿಸಬಹುದಿತ್ತು. ಇಂದು ನಾಳೆ ಎಂದು ಮುಂದೂಡಿದೆ. ವರ್ಷಗಳು ಕಳೆದವು, ಪುಸ್ತಕ ಟ್ರಂಕು ಸೇರಿತು. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ.

ಅದನ್ನು ಮೊದಲ ಬಾರಿಗೆ ಪೂರ್ತಿಯಾಗಿ ಓದಿದ್ದು ಈ ಸಲವೇ. ಪ್ರತಿ ಚಿತ್ರದ ಕೆಳಗೆ ಪತ್ರಿಕೆಯ ಹೆಸರು, ಸಂಚಿಕೆಯ ತಾರೀಖು, ಕೊಟ್ಟ ಗೆಳೆಯನ ಹೆಸರನ್ನು ನೀಲಿ ಶಾಯಿಯಲ್ಲಿ ಬರೆದಿದ್ದಾನೆ. ವಿಶ್ವನಾಥ್, ಚಂದ್ರಶೇಖರ್, ಕಿರ್ಮಾನಿ, ಬಿನ್ನಿ, ಶ್ರೀನಾಥ್, ಕುಂಬ್ಳೆ ಎಂದು ಕರ್ನಾಟಕದವರಿಗೆ ಬೇರೆಯೇ ವಿಭಾಗ. ಸಮಾಜ ವಿಜ್ಞಾನದ ಮೊದಲ ಪಾಠದಲ್ಲಿ, "ಆಕರಗಳಿಲ್ಲದೆ ಇತಿಹಾಸವಿಲ್ಲ, ಎಲ್ಲಿಂದ ದೊರೆಯಿತು, ಯಾವಾಗ ದೊರೆಯಿತು ಎಂದು ಬರೆದಿಡಬೇಕು" ಎಂದು ವರ್ಷವರ್ಷವೂ ಹೇಳುತ್ತಿದ್ದವನು ನಾನು. ಆ ಪಾಠವನ್ನು ಕೇಳಿ, ಅದರಂತೆ ನಡೆದವನಿಂದಲೇ ಪುಸ್ತಕವನ್ನು ಕಿತ್ತುಕೊಂಡಿದ್ದೆ.

ಕೊನೆಯಲ್ಲಿ ಮೂರು ಪುಟಗಳು ಖಾಲಿ ಇವೆ. ತಲೆಬರಹ ಮಾತ್ರ ಇದೆ: ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್. ಆ ವರ್ಷ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಭಾರತ ಪಾಕಿಸ್ತಾನವನ್ನು 39 ಓಟಗಳಿಂದ ಸೋಲಿಸಿತು. ನಮ್ಮವರೇ ಆದ ಶ್ರೀನಾಥ್, ಪ್ರಸಾದ್, ಕುಂಬ್ಳೆ ಮೂವರೂ ಅಂದು ಆಡಿದ್ದರು. ಅವನು ಅದೆಷ್ಟು ಚಿತ್ರಗಳನ್ನು ಅಂಟಿಸುತ್ತಿದ್ದನೋ! ನಾಲ್ಕು ದಿನಗಳ ಮೇಲೆ ಕಲ್ಕತ್ತದಲ್ಲಿ ಶ್ರೀಲಂಕಾದ ಎದುರು ಸೆಮಿಫೈನಲ್ಲಿನಲ್ಲಿ ಸೋತೆವು. ಆ ಪುಟದಲ್ಲಿ ಏನನ್ನು ಅಂಟಿಸುತ್ತಿದ್ದನೋ ಊಹಿಸಲಾರೆ.

ಇಂದು ಆ ಪಂದ್ಯವನ್ನು ಮೊಬೈಲಿನಲ್ಲಿ ಬೇಕೆಂದಾಗ ನೋಡಬಹುದು. ಯಾವ ಚಿತ್ರವೂ ಕಳೆದುಹೋಗಿಲ್ಲ. ಆದರೆ ಯಾವ ಗೆಳೆಯ ಯಾವ ಚಿತ್ರವನ್ನು ಕೊಟ್ಟ, ಅದಕ್ಕೆ ಪ್ರತಿಯಾಗಿ ಇವನೇನು ಕೊಟ್ಟ ಎಂಬುದು ಈ ನೋಟ್‌ಬುಕ್ಕಿನಲ್ಲಿ ಮಾತ್ರ ಉಳಿದಿದೆ. ಪತ್ರಿಕೆಗಳ ಅವನತಿಯಿಂದ ನಾವು ಕಳೆದುಕೊಂಡದ್ದು ಸುದ್ದಿಯನ್ನೂ ಅಲ್ಲ, ಚಿತ್ರವನ್ನೂ ಅಲ್ಲ. ಒಂದು ಸಂಚಿಕೆಗಾಗಿ ಹತ್ತು ಮನೆಗಳು ಕಾಯುತ್ತಿದ್ದ ಆ ಬಳಕೆಯನ್ನು ಎಂದು ನನಗನ್ನಿಸುತ್ತದೆ.

ಪುಸ್ತಕವನ್ನು ರದ್ದಿಗೆ ಹಾಕಿಲ್ಲ. ಗೆದ್ದಲು ಹಿಡಿಯದಂತೆ ಬೇವಿನೆಲೆ ಇಟ್ಟು, ಬಟ್ಟೆಯಲ್ಲಿ ಸುತ್ತಿ, ಮೇಜಿನ ಮೇಲೆಯೇ ಇರಿಸಿದ್ದೇನೆ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆದರೆ 1996ರ ಹತ್ತನೆಯ ತರಗತಿಯವರು ಇದನ್ನು ಓದಿದರೆ ಯಾರೆಂದು ನಿಮಗೆ ಗೊತ್ತಾಗುತ್ತದೆ. ದಯವಿಟ್ಟು ಅವನಿಗೆ ತಿಳಿಸಿ. ಪರೀಕ್ಷೆ ಮುಗಿದು ಬಹಳ ಕಾಲವಾಯಿತು, ಬಂದು ತೆಗೆದುಕೊಂಡು ಹೋಗಲಿ. ಬರಲಾಗದಿದ್ದರೆ ವಿಳಾಸ ಕೊಡಲಿ. ಈ ಸಲ ಅಂಚೆಗೆ ಹಾಕುವುದನ್ನು ನಾಳೆಗೆ ಮುಂದೂಡುವುದಿಲ್ಲ.